ಹಣ್ಣು ತಿಂದವರು ಬೀಜ ಎಲ್ಲಿ ಹಾಕಿದರು?

ಹೋದ ಸಂಚಿಕೆಯಲ್ಲಿ ಕಾಡಿನ ಬೀಜಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಪ್ರಶ್ನೆಗಳ ರಾಶಿ ಬಂದಿದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಹಣ್ಣು ತಿನ್ನುವ ಪ್ರಾಣಿಗಳಿಗೇ ಮೀಸಲು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿದ್ದೇನೆ, ಉದ್ದ ಇದ್ದವನ್ನು ಮೊಟಕು ಮಾಡಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಹಣ್ಣು ತಿನ್ನುವ ಪ್ರಾಣಿ ಅಂದರೆ ಕೋತಿ, ಬಾವಲಿ, ಗಿಳಿ ಅಷ್ಟೇ ನೆನಪಿಗೆ ಬರುತ್ತವೆ. ಬೇರೆ ಯಾರಿದ್ದಾರೆ?

ಉತ್ತರ: ಬೇಕಾದಷ್ಟಿವೆ. ಆದರೆ ಬರೀ ಹಣ್ಣನ್ನೇ ತಿಂದು ಬದುಕುವವು ಕಡಿಮೆ. ಹಣ್ಣಿನಲ್ಲಿ ನೀರು, ಸಕ್ಕರೆ ಜಾಸ್ತಿ, ಪ್ರೋಟೀನ್ ಕಡಿಮೆ. ಅದಕ್ಕೇ ತಾವು ಹಣ್ಣು ತಿನ್ನುವ ಎಷ್ಟೋ ಹಕ್ಕಿಗಳು ಮರಿಗಳಿಗೆ ಮಾತ್ರ ಹುಳು ಹಿಡಿದು ತರುತ್ತವೆ. ಉತ್ತರ ಅಮೆರಿಕದ ಸೀಡರ್ ವ್ಯಾಕ್ಸ್‌ವಿಂಗ್ ಎಂಬ ಹಕ್ಕಿ ಹಾಗಲ್ಲ, ಮರಿಗಳಿಗೂ ಬಹುಬೇಗ ಹಣ್ಣು ತಿನ್ನಿಸಲು ಶುರು ಮಾಡುತ್ತದೆ. ಇದರಿಂದ ಒಂದು ತಮಾಷೆ ಆಗುತ್ತದೆ. ಕೌಬರ್ಡ್ ಅಂತ ಇನ್ನೊಂದು ಹಕ್ಕಿ ಇದೆ, ಬೇರೆಯವರ ಗೂಡಿನಲ್ಲಿ ಮೊಟ್ಟೆ ಇಟ್ಟು ಜಾರಿಕೊಳ್ಳುವುದು ಅದರ ಕಸುಬು. ಅದು ವ್ಯಾಕ್ಸ್‌ವಿಂಗ್ ಗೂಡು ಹುಡುಕಿಕೊಂಡು ಬಂದರೆ ಕೆಟ್ಟಿತು, ಹುಟ್ಟಿದ ಮರಿ ಹಣ್ಣಿನ ಊಟ ಸಾಲದೆ ಸಾಯುವುದೇ ಹೆಚ್ಚು.

ಇನ್ನು ನೀವು ಊಹಿಸದವರ ಹೆಸರು ಕೇಳಿ. ಅಮೆಜಾನ್ ನದಿಯಲ್ಲಿ ತಂಬಾಕಿ ಎಂಬ ದೊಡ್ಡ ಮೀನಿದೆ, ಒಂದು ಮೀಟರ್‌ವರೆಗೆ ಬೆಳೆಯುತ್ತದೆ. ಪ್ರವಾಹ ಬಂದು ಕಾಡಿನೊಳಗೆ ನೀರು ನುಗ್ಗಿದಾಗ ಇದು ಮರಗಳ ನಡುವೆ ಈಜುತ್ತಾ, ನೀರಿಗೆ ಬಿದ್ದ ಹಣ್ಣುಗಳನ್ನು ತಿನ್ನುತ್ತದೆ. ಬೀಜವನ್ನು 5 ಕಿಲೋಮೀಟರ್‌ಗೂ ದೂರ ಒಯ್ಯಬಲ್ಲದು ಎಂದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಫಿಲಿಪೀನ್ಸ್‌ನಲ್ಲಿ ಮರದ ಮೇಲೇರಿ ಮಾಗಿದ ಹಣ್ಣು ತಿನ್ನುವ ಉಡ ಇದೆ. ಆಮೆಗಳು ತಿನ್ನುತ್ತವೆ. ಮೊಸಳೆ ಜಾತಿಯವು ಕೂಡ ಆಗಾಗ ಹಣ್ಣು ನುಂಗಿದ ದಾಖಲೆಗಳಿವೆ. ದಕ್ಷಿಣ ಅಮೆರಿಕದ ಹುಲ್ಲುಗಾವಲಿನ ಮೇನ್ಡ್ ವುಲ್ಫ್ ನೋಡೋದಕ್ಕೆ ಉದ್ದ ಕಾಲಿನ ತೋಳ. ಆದರೆ ಅದರ ಆಹಾರದಲ್ಲಿ ಹೆಚ್ಚುಕಮ್ಮಿ ಅರ್ಧ ಹಣ್ಣು ಮತ್ತು ಸಸ್ಯವೇ. ಬದನೆ ಜಾತಿಗೆ ಸೇರಿದ ಒಂದು ಕಾಡುಹಣ್ಣೆಂದರೆ ಅದಕ್ಕೆ ಪ್ರಾಣ. ತಿಂದು ಹೋಗಿ ಹಲವು ಸಲ ಎಲೆ ಕತ್ತರಿಸುವ ಇರುವೆಗಳ ಗೂಡಿನ ಮೇಲೆ ಹಿಕ್ಕೆ ಹಾಕುತ್ತದೆ. ಇರುವೆಗಳು ಹಿಕ್ಕೆಯನ್ನು ಒಳಗೆ ಎಳೆದುಕೊಂಡು, ಬೀಜವನ್ನು ಕಸದ ಗುಡ್ಡೆಗೆ ಹಾಕುತ್ತವೆ. ಆ ಕಸ ಒಳ್ಳೆಯ ಗೊಬ್ಬರ. ಬೀಜ ಅಲ್ಲಿ ಮೊಳೆಯುತ್ತದೆ. ತೋಳಕ್ಕಾಗಲಿ ಇರುವೆಗಾಗಲಿ ಗಿಡ ಬೆಳೆಸುವ ಉದ್ದೇಶ ಏನೂ ಇರಲಿಲ್ಲ ಅನ್ನುವುದನ್ನು ಗಮನಿಸಿ.

ರಾತ್ರಿ ಹಾರುವ ಹಣ್ಣಿನ ಹಕ್ಕಿಯೂ ಇದೆ, ಆಯಿಲ್‌ಬರ್ಡ್. ಗುಹೆಯ ಕತ್ತಲಲ್ಲಿ ಕಟಕಟ ಸದ್ದು ಮಾಡಿ, ಅದರ ಪ್ರತಿಧ್ವನಿ ಕೇಳಿ ದಾರಿ ಕಂಡುಕೊಳ್ಳುತ್ತದೆ. 1799ರಲ್ಲಿ ಹಂಬೋಲ್ಟ್ ಎಂಬ ಜರ್ಮನ್ ಪ್ರಕೃತಿ ವಿಜ್ಞಾನಿ ವೆನೆಜುವೆಲಾದ ಗುಹೆಯೊಂದರಲ್ಲಿ ಇದನ್ನು ನೋಡಿದ. ಎಣ್ಣೆ ಅಂಶದ ಹಣ್ಣು ತಿಂದು ತಿಂದು ಮರಿಗಳು ಎಷ್ಟು ಕೊಬ್ಬುತ್ತವೆ ಅಂದರೆ ಒಂದು ಹಂತದಲ್ಲಿ ಅಪ್ಪ ಅಮ್ಮನ ಒಂದೂವರೆ ಪಟ್ಟು ತೂಗುತ್ತವೆ. ಇವು ಬೀಜವನ್ನೆಲ್ಲ ಗುಹೆಯೊಳಗೇ ಉಗುಳಿ ಹಾಳು ಮಾಡುತ್ತವೆ ಎಂದು ಬಹಳ ಕಾಲ ನಂಬಿದ್ದರು. ಆಮೇಲೆ ಜಿಪಿಎಸ್ ಕಟ್ಟಿ ನೋಡಿದರೆ, ಎಷ್ಟೋ ದಿನ ಗುಹೆಗೆ ವಾಪಸ್ಸೇ ಬರದೆ ಕಾಡಿನ ಮರಗಳಲ್ಲೇ ಕೂತು ಬೀಜ ಉದುರಿಸುತ್ತಿದ್ದವು.

ಪ್ರಶ್ನೆ: ಮರ ಅಷ್ಟೆಲ್ಲ ಕಷ್ಟಪಟ್ಟು ಸಿಹಿ ಹಣ್ಣು ಮಾಡಿ ಬೇರೆಯವರಿಗೆ ಯಾಕೆ ಕೊಡಬೇಕು? ಬೀಜ ಬುಡದಲ್ಲೇ ಬಿದ್ದು ಬೆಳೆದರೆ ಆಗಲ್ವಾ?

ಉತ್ತರ: ಹಣ್ಣಿನ ತಿರುಳು ಬೀಜದ ಬಸ್ ಚಾರ್ಜು. ಮರಕ್ಕೆ ಕಾಲಿಲ್ಲ, ಮಕ್ಕಳನ್ನು ದೂರ ಕಳಿಸಬೇಕು, ಅದಕ್ಕೆ ದುಡ್ಡು ಕೊಡುತ್ತದೆ ಅಷ್ಟೇ. ದಾನಧರ್ಮ ಏನಿಲ್ಲ.

ಬುಡದಲ್ಲೇ ಬಿದ್ದರೆ ನೆರಳಾಯಿತು, ನೀರಿಗೆ ಪೈಪೋಟಿ ಆಯಿತು, ಅದೆಲ್ಲ ನಮಗೆ ಗೊತ್ತಿರುವುದೇ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ತಾಯಿ ಮರದ ಕೆಳಗೆ ಆ ಜಾತಿಯನ್ನೇ ಹುಡುಕಿಕೊಂಡು ಬರುವ ಬೀಜಕೊರಕ ಹುಳುಗಳು, ಶಿಲೀಂಧ್ರಗಳು ಠಿಕಾಣಿ ಹೂಡಿರುತ್ತವೆ. ಸಾವಿರ ಬೀಜ ಒಂದೇ ಕಡೆ ಬಿದ್ದರೆ ಅವಕ್ಕೆ ಹಬ್ಬ. ಒಂದು ಬೀಜ ಐವತ್ತು ಮೀಟರ್ ಆಚೆ, ಬೇರೆ ಜಾತಿಯ ಮರಗಳ ನಡುವೆ ಬಿದ್ದರೆ ಅದನ್ನು ಹುಡುಕಿಕೊಂಡು ಬರುವವರು ಕಡಿಮೆ. ಪರಿಸರ ವಿಜ್ಞಾನಿಗಳಾದ ಡೇನಿಯಲ್ ಜಾನ್ಜೆನ್ 1970ರಲ್ಲಿ, ಜೋಸೆಫ್ ಕಾನೆಲ್ 1971ರಲ್ಲಿ, ಇಬ್ಬರೂ ಬೇರೆ ಬೇರೆಯಾಗಿ ಇದೇ ಮಾತು ಹೇಳಿದರು. ಮಳೆಕಾಡಿನಲ್ಲಿ ಒಂದೇ ಜಾತಿಯ ಮರ ಗುಂಪಾಗಿ ನಿಲ್ಲದೆ, ನೂರಾರು ಜಾತಿ ಬೆರೆತು ಬೆಳೆಯುವುದಕ್ಕೆ ಇದೂ ಒಂದು ಕಾರಣ ಅಂತ ಅವರ ವಾದ. ಅಂಥ ಕಾಡಿನ ಮರಗಳಲ್ಲಿ ನೂರಕ್ಕೆ 70ರಿಂದ 90 ಜಾತಿಗಳು ಬೀಜ ಸಾಗಿಸಲು ಪ್ರಾಣಿಗಳನ್ನೇ ನಂಬಿವೆ.

ಯಾರಿಗೆ ಕೊಡಬೇಕು ಅನ್ನುವುದರಲ್ಲೂ ಮರಗಳಿಗೆ ಪಕ್ಷಪಾತ ಇದೆ. ಕೆಂಪು, ಕಪ್ಪು ಬಣ್ಣದ ಸಣ್ಣ ಹಣ್ಣು, ವಾಸನೆ ಇಲ್ಲ ಅಂದರೆ ಹೆಚ್ಚಾಗಿ ಹಕ್ಕಿಗಳಿಗೆ. ಮಾಗಿದರೂ ಹಸಿರು ಅಥವಾ ಮಾಸಲು, ಆದರೆ ಘಂ ಅನ್ನುವ ಹಣ್ಣು ಅಂದರೆ ಬಾವಲಿಗೆ ಅಥವಾ ರಾತ್ರಿ ಓಡಾಡುವ ಇನ್ಯಾರಿಗಾದರೂ. ಮಡಗಾಸ್ಕರ್‌ನಲ್ಲಿ ಹಣ್ಣು ತಿನ್ನುವ ಮುಖ್ಯ ಪ್ರಾಣಿ ಕೋತಿಯ ದೂರದ ನೆಂಟ ಲೀಮರ್, ಅದಕ್ಕೆ ಕೆಂಪು ಹಸಿರು ಅಷ್ಟಾಗಿ ಬೇರೆ ಬೇರೆ ಕಾಣಿಸುವುದಿಲ್ಲ, ಮೂಗು ಮಾತ್ರ ಚುರುಕು. ಅಲ್ಲಿ ಲೀಮರ್‌ಗಳನ್ನು ನಂಬಿದ ಮರಗಳ ಹಣ್ಣು ಮಾಗಿದಾಗ ವಾಸನೆ ತುಂಬಾ ಬದಲಾಗುತ್ತದೆ, ಹಕ್ಕಿಗಳನ್ನು ನಂಬಿದ ಮರಗಳಲ್ಲಿ ಅಷ್ಟು ಬದಲಾಗುವುದಿಲ್ಲ. ಇದು 2018ರಲ್ಲಿ ತಿಳಿದ ವಿಷಯ.

ಕಾಯಿ ಯಾಕೆ ಒಗರು, ಹುಳಿ ಅಂತ ಇನ್ನೊಬ್ಬರು ಕೇಳಿದ್ದಾರೆ. ಬೀಜ ಇನ್ನೂ ಬಲಿತಿಲ್ಲ, ಈಗ ಮುಟ್ಟಬೇಡಿ ಅಂತ ಅರ್ಥ.

ಪ್ರಶ್ನೆ: ಹೊಟ್ಟೆಗೆ ಹೋದ ಬೀಜ ಜೀರ್ಣ ಆಗುವುದಿಲ್ಲವೇ? ಕೆಲವು ಬೀಜ ಹೊಟ್ಟೆಯೊಳಗೆ ಹೋಗಿ ಬರದಿದ್ದರೆ ಮೊಳೆಯುವುದೇ ಇಲ್ಲ ಅಂತಾರೆ, ಡೋಡೋ ಹಕ್ಕಿಯ ಕಥೆ ನಿಜವೇ?

ಉತ್ತರ: ಸಿಪ್ಪೆ ಗಟ್ಟಿ ಇದ್ದು, ಹೊಟ್ಟೆಯೊಳಗೆ ಇರುವ ಹೊತ್ತು ಕಡಿಮೆ ಇದ್ದರೆ ಬೀಜ ಬದುಕುತ್ತದೆ. ಸಣ್ಣ ಹಕ್ಕಿ, ಬಾವಲಿಗಳ ಹೊಟ್ಟೆಯಿಂದ ಕೆಲವೊಮ್ಮೆ ಅರ್ಧ ಗಂಟೆಯೊಳಗೇ ಆಚೆ ಬಂದುಬಿಡುತ್ತದೆ. ಆನೆಯ ಹೊಟ್ಟೆಯಲ್ಲಿ ದಿನಗಟ್ಟಲೆ ಇರುತ್ತದೆ, ಅಷ್ಟರಲ್ಲಿ ಆನೆ ಎಲ್ಲೋ ಹೋಗಿರುತ್ತದೆ. ಆಫ್ರಿಕಾದ ಕಾಡಾನೆಗಳು ಬೀಜವನ್ನು ಹತ್ತಾರು ಕಿಲೋಮೀಟರ್ ಒಯ್ದು ಲದ್ದಿಯ ಜೊತೆ ಹಾಕುವುದು ಹೀಗೆ.

ಹೊಟ್ಟೆಯೊಳಗೆ ಹೋಗಿ ಬಂದರೆ ಲಾಭ ಆಗುವ ಬೀಜಗಳೂ ಇವೆ, ಅದರಲ್ಲಿ ಸಂಶಯ ಇಲ್ಲ. ಒಂದು ಕಾರಣ ಸರಳ: ತಿರುಳು ಪೂರ್ತಿ ಕಳಚಿಕೊಳ್ಳುತ್ತದೆ. ತಿರುಳು ಅಂಟಿಕೊಂಡೇ ಇದ್ದರೆ ಬೂಸ್ಟು ಹಿಡಿಯುತ್ತದೆ, ಮೊಳಕೆಯನ್ನು ತಡೆಯುವ ರಾಸಾಯನಿಕಗಳೂ ಅದರಲ್ಲಿ ಇರಬಹುದು. ಆಸ್ಟ್ರೇಲಿಯಾದ ಮಳೆಕಾಡಿನಲ್ಲಿ ಕ್ಯಾಸೋವರಿ ಎಂಬ ಹಾರದ ಹಕ್ಕಿ ಇದೆ, 60 ಕಿಲೋ ತೂಗಬಲ್ಲದು, ನೆಲಕ್ಕೆ ಬಿದ್ದ ಹಣ್ಣನ್ನು ಇಡಿಯಾಗಿ ನುಂಗುತ್ತದೆ. ಅಲ್ಲಿಯ ರೈಪರೋಸಾ ಎಂಬ ಅಪರೂಪದ ಮರದ ಬೀಜ ಹಾಗೇ ಬಿತ್ತಿದರೆ ನೂರಕ್ಕೆ 4 ಮೊಳೆತವು. ಕ್ಯಾಸೋವರಿ ಹೊಟ್ಟೆಯಿಂದ ಬಂದದ್ದನ್ನು ಬಿತ್ತಿದಾಗ 92.

ಡೋಡೋ ಕಥೆ ಮಾತ್ರ ಬೇರೆ. 1977ರಲ್ಲಿ ಸ್ಟ್ಯಾನ್ಲಿ ಟೆಂಪಲ್ ಎಂಬ ವಿಜ್ಞಾನಿ, ಮಾರಿಷಸ್‌ನ ತಂಬಲಕೋಕ್ ಮರ ಡೋಡೋ ಹೊಟ್ಟೆಯನ್ನೇ ನಂಬಿತ್ತು, ಡೋಡೋ ಅಳಿದು ಮುನ್ನೂರು ವರ್ಷ ಆಯಿತು, ಅಲ್ಲಿಂದ ಒಂದು ಬೀಜವೂ ಮೊಳೆತಿಲ್ಲ, ಉಳಿದಿರುವುದು 13 ಮುದಿ ಮರಗಳು ಅಂತ ಬರೆದರು. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಅದಕ್ಕೇ ಪಠ್ಯಪುಸ್ತಕಗಳಿಗೂ ಹೋಯಿತು. ಆಮೇಲೆ ನೋಡಿದರೆ ಮರಗಳು 13ಕ್ಕಿಂತ ಜಾಸ್ತಿ ಇದ್ದವು, ಕೆಲವು ಇನ್ನೂ ಚಿಕ್ಕ ವಯಸ್ಸಿನವು, ಬೀಜ ಯಾರ ಹೊಟ್ಟೆಗೂ ಹೋಗದೆ ಮೊಳೆಯಬಲ್ಲದು ಅನ್ನುವುದೂ ಗೊತ್ತಾಯಿತು. ಡೋಡೋ ಆ ಹಣ್ಣು ತಿಂದಿರಬಹುದು. ಆದರೆ ಅದಿಲ್ಲದೆ ಮರವೇ ಇಲ್ಲ ಅನ್ನುವುದು ಅತಿಯಾಯಿತು. ಒಂದೇ ಮರಕ್ಕೆ ಒಂದೇ ಪ್ರಾಣಿ ಅನ್ನುವ ಜೋಡಿ ಪ್ರಕೃತಿಯಲ್ಲಿ ಬಹಳ ಅಪರೂಪ. ಸಾಮಾನ್ಯವಾಗಿ ಒಂದು ಹಣ್ಣಿಗೆ ಹತ್ತು ಗಿರಾಕಿಗಳು, ಒಬ್ಬ ಗಿರಾಕಿಗೆ ಹತ್ತು ಹಣ್ಣು.

ಅದೇ ಮಾರಿಷಸ್‌ನಲ್ಲಿ ಇನ್ನೊಂದು ಕೆಲಸ ನಡೆದಿದೆ, ಅದು ಅಷ್ಟು ಪ್ರಸಿದ್ಧ ಅಲ್ಲ, ನನಗೆ ಡೋಡೋ ಕಥೆಗಿಂತ ಅದೇ ಇಷ್ಟ. ಪಕ್ಕದ ಪುಟ್ಟ ದ್ವೀಪವೊಂದರಲ್ಲಿ ಹಳೆಯ ದೈತ್ಯ ಆಮೆಗಳು ಅಳಿದು ಹೋಗಿದ್ದವು, ಎಬೊನಿ ಮರದ ದಪ್ಪ ಹಣ್ಣುಗಳು ಬುಡದಲ್ಲೇ ಬಿದ್ದು ಕೊಳೆಯುತ್ತಿದ್ದವು. ಬೇರೆ ದ್ವೀಪದ, ಅಲ್ದಾಬ್ರಾ ಜಾತಿಯ ದೈತ್ಯ ಆಮೆಗಳನ್ನು ತಂದು ಬಿಟ್ಟರು. ಅವು ಹಣ್ಣು ತಿಂದು ಅಡ್ಡಾಡಿದವು. ಎಬೊನಿ ಸಸಿಗಳು ಮರ ಇಲ್ಲದ ಕಡೆಯೂ ಎದ್ದವು.

ಪ್ರಶ್ನೆ: ಗಿಳಿಗಳು ಅರ್ಧ ತಿಂದು ಅರ್ಧ ಬಿಸಾಕುತ್ತವೆ. ಇವುಗಳಿಂದ ಕಾಡಿಗೆ ಏನು ಉಪಯೋಗ?

ಉತ್ತರ: ಈ ಪ್ರಶ್ನೆ ಕೇಳಿದವರಿಗೆ ಧನ್ಯವಾದ, ಯಾಕಂದರೆ ಹಣ್ಣು ತಿಂದವರೆಲ್ಲ ಬೀಜ ಬಿತ್ತುತ್ತಾರೆ ಅಂತ ಸುಮ್ನೆ ಬರೆದುಬಿಡುವುದು ಈಗ ಜಾಸ್ತಿ ಆಗಿದೆ. ತಿಂದವರು ಯಾರು ಅಂತ ನೋಡಿದರೆ ಸಾಲದು. ಬೀಜ ಏನಾಯಿತು, ಎಲ್ಲಿ ಬಿತ್ತು ಅಂತ ನೋಡಬೇಕು.

ಗಿಳಿಗೆ ಬೇಕಾಗಿರುವುದು ಹೆಚ್ಚಿನ ಸಲ ಬೀಜವೇ. ಆ ಕೊಕ್ಕು ಇರುವುದೇ ಅದನ್ನು ಒಡೆಯಲು. ಹಾಗಾಗಿ ಮರದ ಲೆಕ್ಕದಲ್ಲಿ ಗಿಳಿ ಬಹುಮಟ್ಟಿಗೆ ಚಾರ್ಜು ತೆಗೆದುಕೊಂಡು ಪ್ರಯಾಣಿಕನನ್ನೇ ಮುಗಿಸುವ ಪಾರ್ಟಿ. ಆದರೂ ಕೆಲವು ಹಣ್ಣುಗಳನ್ನು ಕಚ್ಚಿಕೊಂಡು ಬೇರೆ ಮರಕ್ಕೆ ಹಾರಿ, ಅಲ್ಲಿ ತಿರುಳು ತಿಂದು ಓಟೆ ಬಿಸಾಕುವುದೂ ಉಂಟು. ಪಾರಿವಾಳಗಳಲ್ಲೇ ನೋಡಿ ಎಷ್ಟು ವ್ಯತ್ಯಾಸ. ಹಸಿರು ಪಾರಿವಾಳ ಆಲ, ಅತ್ತಿಯ ಹಣ್ಣುಗಳನ್ನು ಗುಂಪುಗುಂಪಾಗಿ ಬಂದು ತಿನ್ನುತ್ತದೆ, ಆದರೆ ಅದರ ಹೊಟ್ಟೆಯ ಸ್ನಾಯುಚೀಲ ಎಷ್ಟು ಬಲ ಅಂದರೆ ಬೀಜಗಳನ್ನು ಬಹುಪಾಲು ಅರೆದು ಪುಡಿ ಮಾಡಿಬಿಡುತ್ತದೆ. ಅದರ ದೊಡ್ಡ ನೆಂಟ ಇಂಪೀರಿಯಲ್ ಪಾರಿವಾಳ ಕಾಡುಜಾಯಿಕಾಯಿಯಂಥ ದಪ್ಪ ಬೀಜವನ್ನೂ ಇಡಿಯಾಗಿ ನುಂಗಿ ಹಾಗೇ ಆಚೆ ಹಾಕುತ್ತದೆ.

ಉಲ್ಟಾ ಉದಾಹರಣೆಯೂ ಇದೆ. ದಕ್ಷಿಣ ಅಮೆರಿಕದ ಅಗೂಟಿ ಎಂಬ ದಂಶಕ ಬೀಜ ತಿನ್ನುವ ಪ್ರಾಣಿಯೇ. ಬ್ರೆಜಿಲ್ ನಟ್ ಮರದ ಕಲ್ಲಿನಂಥ ಕಾಯಿಯನ್ನು ಕಡಿದು ಒಡೆಯಬಲ್ಲ ಕೆಲವೇ ಪ್ರಾಣಿಗಳಲ್ಲಿ ಅದೂ ಒಂದು. ತಿಂದು ಉಳಿದದ್ದನ್ನು ಮುಂದಕ್ಕೆ ಅಂತ ಅಲ್ಲಲ್ಲಿ ಹೂತಿಡುತ್ತದೆ. ಕೆಲವನ್ನು ಮತ್ತೆ ತೆಗೆಯುವುದೇ ಇಲ್ಲ, ಅವೇ ಮರಗಳಾಗುತ್ತವೆ. ಹಾಗಾದರೆ ಅಗೂಟಿ ಶತ್ರುವೋ ಮಿತ್ರನೋ? ಎರಡೂ.

ಮಂಗಟ್ಟೆ ಹಕ್ಕಿಯನ್ನು ನಾವೆಲ್ಲ ಹೊಗಳುತ್ತೇವೆ, ಹೊಗಳಬೇಕಾದ್ದೇ. ಬೇರೆ ಹಕ್ಕಿಗಳ ಬಾಯಿಗೆ ಹಿಡಿಸದ ಹಣ್ಣುಗಳನ್ನು ನುಂಗಿ, ಬೀಜವನ್ನು ಚೊಕ್ಕಟವಾಗಿ ಕಕ್ಕುತ್ತದೆ. ಆದರೆ ಅದು ಕೂಡ ಎಲ್ಲ ಸಮಯದಲ್ಲೂ ಒಂದೇ ಥರ ಅಲ್ಲ. ಮರಿ ಮಾಡುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ತಿಂಗಳುಗಟ್ಟಲೆ ಬಾಗಿಲು ಮುಚ್ಚಿಕೊಂಡು ಕೂರುತ್ತದೆ, ಗಂಡು ಹಣ್ಣು ತಂದು ತಂದು ಕೊಡುತ್ತದೆ. ಆಗ ಬೀಜಗಳೆಲ್ಲ ಗೂಡಿನ ಕೆಳಗೇ ರಾಶಿ ಬೀಳುತ್ತವೆ. ಆ ರಾಶಿಯಲ್ಲಿ ಬದುಕುವವು ಕಡಿಮೆ. ಗೂಡಿನ ಕೆಲಸ ಇಲ್ಲದಾಗ ಉದುರಿಸಿದ ಬೀಜಗಳಿಗೇ ಅದೃಷ್ಟ ಹೆಚ್ಚು.

ಪ್ರಶ್ನೆ: ಬಾವಲಿಗಳು ತೋಟದ ಹಣ್ಣು ಹಾಳು ಮಾಡುತ್ತವೆ, ರೋಗ ಬೇರೆ ತರುತ್ತವೆ. ಓಡಿಸಿದರೆ ಅಥವಾ ಕೊಂದರೆ ತಪ್ಪೇನು?

ಉತ್ತರ: ಕೋಪ ಅರ್ಥ ಆಗುತ್ತದೆ. ಆದರೆ ಕೊಂದರೆ ಏನಾಗುತ್ತದೆ ಅಂತ ಮಾಡಿ ನೋಡಿದವರಿದ್ದಾರೆ, ಅವರ ಅನುಭವ ಕೇಳಿ.

ಮಾರಿಷಸ್ ಸರ್ಕಾರ ಹಣ್ಣಿನ ಬೆಳೆ ಉಳಿಸಲು 2015ರಿಂದ ಕೆಲವು ಸಲ ಹಣ್ಣಿನ ಬಾವಲಿಗಳನ್ನು ಸಾವಿರ ಸಾವಿರ ಲೆಕ್ಕದಲ್ಲಿ ಕೊಲ್ಲಿಸಿತು. ಹಣ್ಣಿನ ಇಳುವರಿ ಹೆಚ್ಚಲಿಲ್ಲ. 2018ರ ಹೊತ್ತಿಗೆ ಆ ಬಾವಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ಮರಕ್ಕೆ ಸರಿಯಾಗಿ ಬಲೆ ಕಟ್ಟುವುದು ಇದಕ್ಕಿಂತ ಎಷ್ಟೋ ಒಳ್ಳೆಯ ದಾರಿ. ಬಲೆ ಬಿಗಿಯಾಗಿರಬೇಕು, ಕಣ್ಣುಗಳು ಸಣ್ಣದಿರಬೇಕು, ಜೋತು ಬಿದ್ದ ದೊಡ್ಡ ಕಣ್ಣಿನ ಬಲೆಗೆ ಬಾವಲಿ ಸಿಕ್ಕಿ ಸಾಯುತ್ತದೆ.

ರೋಗದ ಮಾತು. ಹೌದು, ನಿಫಾ ವೈರಸ್ ಹಣ್ಣಿನ ಬಾವಲಿಗಳಲ್ಲಿ ಇರುತ್ತದೆ. 1998-99ರಲ್ಲಿ ಮಲೇಷ್ಯಾದಲ್ಲಿ ಹಂದಿ ಸಾಕಣೆಯ ಜಾಗದಲ್ಲೇ ಹಣ್ಣಿನ ಮರಗಳಿದ್ದವು, ಬಾವಲಿ ಕಚ್ಚಿ ಬೀಳಿಸಿದ ಹಣ್ಣಿನಿಂದ ಹಂದಿಗೆ, ಹಂದಿಯಿಂದ ಮನುಷ್ಯರಿಗೆ ರೋಗ ದಾಟಿತು. 100ಕ್ಕೂ ಹೆಚ್ಚು ಜನ ಸತ್ತರು. ಹಾಗಾಗಿ ಕಚ್ಚಿದ ಗುರುತಿರುವ ಹಣ್ಣು ತಿನ್ನಬೇಡಿ, ಆ ಭಾಗ ಕತ್ತರಿಸಿ ಉಳಿದದ್ದು ತಿನ್ನೋಣ ಅನ್ನುವುದೂ ಬೇಡ. ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇಷ್ಟು ಎಚ್ಚರಿಕೆ ಖಂಡಿತ ಬೇಕು. ಆದರೆ ಕೊಲ್ಲುವುದರಿಂದ ರೋಗ ಕಡಿಮೆ ಆಗುತ್ತದೆ ಅನ್ನುವುದು ಸುಳ್ಳು ಲೆಕ್ಕ. ಉಗಾಂಡಾದಲ್ಲಿ ಬಾವಲಿಗಳಿಂದ ಮನುಷ್ಯರಿಗೆ ದಾಟುವ ಮಾರ್ಬರ್ಗ್ ಎಂಬ ಮಾರಕ ವೈರಸ್‌ಗೆ ಹೆದರಿ ಒಂದು ಗಣಿಯ ಬಾವಲಿಗಳನ್ನೆಲ್ಲ ನಾಶ ಮಾಡಿದರು. ಕೆಲವು ವರ್ಷಗಳಲ್ಲಿ ಹೊಸ ಬಾವಲಿಗಳು ಬಂದು ಸೇರಿಕೊಂಡವು, ಅವುಗಳಲ್ಲಿ ಸೋಂಕಿನ ಪ್ರಮಾಣ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು.

ಉಪಯೋಗದ ವಿಷಯಕ್ಕೆ ಬಂದರೆ, ಬಾವಲಿಯ ಹಾಗೆ ಬಯಲಿಗೆ ಬೀಜ ತರುವವರು ಕಡಿಮೆ. ಹಕ್ಕಿ ಸಾಮಾನ್ಯವಾಗಿ ಕೊಂಬೆಯ ಮೇಲೆ ಕೂತು ಹಿಕ್ಕೆ ಹಾಕುತ್ತದೆ, ಅಂದರೆ ಬೀಜ ಈಗಾಗಲೇ ಮರ ಇರುವ ಕಡೆಯೇ ಬೀಳುತ್ತದೆ. ಬಾವಲಿ ಹಾರುತ್ತಲೇ ಹಾಕುತ್ತದೆ. ಮರ ಕಡಿದ ಬಯಲು, ಸುಟ್ಟ ಜಾಗ, ಬಿಟ್ಟ ಹೊಲ, ಎಲ್ಲದರ ಮೇಲೂ. ಅಮೆರಿಕ ಖಂಡದ ಉಷ್ಣವಲಯದಲ್ಲಿ ಕಾಡು ಕಳೆದುಕೊಂಡ ನೆಲದಲ್ಲಿ ಮೊದಲು ಏಳುವ ಸೆಕ್ರೋಪಿಯಾ, ಕಾಡುಮೆಣಸಿನ ಜಾತಿಯ ಪೊದೆಗಳ ಸಣ್ಣ ಬೀಜಗಳು ಹೆಚ್ಚಾಗಿ ಬರುವುದು ಹೀಗೆ. ಆಫ್ರಿಕಾದ ಒಣಹುಲ್ಲಿನ ಬಣ್ಣದ ಹಣ್ಣಿನ ಬಾವಲಿಗಳು ಝಾಂಬಿಯಾದ ಕಸಾಂಕದಲ್ಲಿ ಪ್ರತಿ ವರ್ಷ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಲಕ್ಷಗಟ್ಟಲೆ ಸೇರುತ್ತವೆ. ಅಷ್ಟು ಬಾಯಿಗಳು ಒಂದೊಂದು ರಾತ್ರಿ ಎಷ್ಟು ಬೀಜ ಚೆಲ್ಲಬಹುದು ಯೋಚಿಸಿ.

ಪ್ರಶ್ನೆ: ಮೆಣಸಿನಕಾಯಿಯೂ ಹಣ್ಣೇ ತಾನೇ? ಹಾಗಿದ್ದರೆ ತಿನ್ನುವವರನ್ನು ಕರೆಯುವ ಬದಲು ಖಾರ ಯಾಕೆ?

ಉತ್ತರ: ಒಳ್ಳೆ ಪ್ರಶ್ನೆ. ಖಾರ ಎಲ್ಲರಿಗೂ ಅಲ್ಲ. ಖಾರ ಕೊಡುವ ಕ್ಯಾಪ್ಸೈಸಿನ್ ಸಸ್ತನಿಗಳ ಬಾಯಲ್ಲಿ ಬಿಸಿ ಗುರುತಿಸುವ ಗ್ರಾಹಕವನ್ನು (ನರಗಳಲ್ಲಿರುವ ಒಂದು ಪ್ರೋಟೀನ್) ಕೆರಳಿಸುತ್ತದೆ. ಹಕ್ಕಿಗಳಲ್ಲಿ ಆ ಗ್ರಾಹಕದ ರಚನೆ ಸ್ವಲ್ಪ ಬೇರೆ, ಅವಕ್ಕೆ ಏನೂ ಅನ್ನಿಸುವುದಿಲ್ಲ. 2001ರಲ್ಲಿ ಟ್ಯೂಕ್ಸ್‌ಬರಿ ಮತ್ತು ನಭಾನ್ ಎಂಬ ಇಬ್ಬರು ಕಾಡುಮೆಣಸಿನಕಾಯಿ ಇಟ್ಟುಕೊಂಡು ಪರೀಕ್ಷೆ ಮಾಡಿದರು. ಇಲಿಗಳು ಖಾರದ್ದನ್ನು ಮುಟ್ಟಲಿಲ್ಲ, ಹಕ್ಕಿಗಳು ತಿಂದವು. ಖಾರ ಇಲ್ಲದ ಜಾತಿಯ ಹಣ್ಣು ಕೊಟ್ಟಾಗ ಇಲಿಗಳು ತಿಂದವು, ಆದರೆ ಅವುಗಳ ಹೊಟ್ಟೆಗೆ ಹೋದ ಬೀಜ ಒಂದೂ ಮೊಳೆಯಲಿಲ್ಲ. ಹಕ್ಕಿಯ ಹೊಟ್ಟೆಯಿಂದ ಬಂದವು ಚೆನ್ನಾಗಿ ಮೊಳೆತವು. ಅಂದರೆ ಗಿಡ ಬೇಕಾದವರಿಗೆ ಬಾಗಿಲು ತೆರೆದು, ಬೇಡದವರಿಗೆ ಮುಚ್ಚಿದೆ. ಖಾರಕ್ಕೆ ಇನ್ನೊಂದು ಕೆಲಸವೂ ಇದೆ, ಬೀಜಕ್ಕೆ ಹತ್ತುವ ಶಿಲೀಂಧ್ರವನ್ನು ತಡೆಯುತ್ತದೆ.

ಈ ಬೇಲಿ ಹಾರಿದವರು ಇಬ್ಬರು. ಒಬ್ಬರು ಟ್ರೀ ಶ್ರೂ ಎಂಬ ಅಳಿಲಿನಂಥ ಸಣ್ಣ ಪ್ರಾಣಿ, ಅದರ ಗ್ರಾಹಕದಲ್ಲಿ ಒಂದು ಬದಲಾವಣೆ ಆಗಿ ಖಾರ ಅಷ್ಟಾಗಿ ತಾಕುವುದಿಲ್ಲ. ಇನ್ನೊಬ್ಬರು ನಾವು, ನಮಗೆ ತಾಕುತ್ತದೆ, ಆದರೂ ಬಿಡುವುದಿಲ್ಲ.

ಪ್ರಶ್ನೆ: ಕಳಿತ ಹಣ್ಣು ತಿಂದು ಆನೆಗಳು ಅಮಲೇರಿ ತೂರಾಡುತ್ತವೆ ಅಂತ ವಿಡಿಯೋ ನೋಡಿದ್ದೇನೆ. ನಿಜವೇ?

ಉತ್ತರ: ಇದು ಆಫ್ರಿಕಾದ ಮರೂಲಾ ಎಂಬ ಮರದ ಹಣ್ಣಿನ ಕಥೆ. ಆನೆಯ ಗಾತ್ರಕ್ಕೆ ಅಷ್ಟು ಅಮಲು ಏರಬೇಕಾದರೆ ಎಷ್ಟು ಹಣ್ಣು, ಎಷ್ಟು ಹುಳಿದಿರಬೇಕು ಅಂತ 2006ರಲ್ಲಿ ಮೂವರು ಜೀವವಿಜ್ಞಾನಿಗಳು ಲೆಕ್ಕ ಹಾಕಿ, ಆಗದ ಮಾತು ಅಂದರು. 2020ರಲ್ಲಿ ಇನ್ನೊಂದು ತಂಡ, ಆ ಲೆಕ್ಕ ಮನುಷ್ಯನ ದೇಹವನ್ನು ಹಿಗ್ಗಿಸಿ ಹಾಕಿದ್ದು, ಆನೆಗಳಲ್ಲಿ ಆಲ್ಕೋಹಾಲ್ ಒಡೆಯುವ ಒಂದು ಮುಖ್ಯ ಜೀನ್ ಕೆಟ್ಟುಹೋಗಿದೆ, ಹಾಗಾಗಿ ಕಡಿಮೆ ಪ್ರಮಾಣವೇ ಸಾಕಾಗಬಹುದು ಅಂತ ಹೇಳಿತು. ವ್ಯಾಕ್ಸ್‌ವಿಂಗ್ ಹಕ್ಕಿಗಳು ಹುಳಿದ ಹಣ್ಣು ತಿಂದು ಕಿಟಕಿ ಗಾಜಿಗೆ ಬಡಿದು ಸತ್ತದ್ದು ಮಾತ್ರ ಪರೀಕ್ಷೆಯಿಂದ ಗೊತ್ತಾದ ಸಂಗತಿ. ನಮ್ಮ, ಚಿಂಪಾಂಜಿ, ಗೊರಿಲ್ಲಾಗಳ ಪೂರ್ವಜರಲ್ಲಿ ಸುಮಾರು 1 ಕೋಟಿ ವರ್ಷಗಳ ಹಿಂದೆ ಆಲ್ಕೋಹಾಲನ್ನು ಬೇಗ ಒಡೆಯುವ ಬದಲಾವಣೆ ಆಯಿತು. ಮರದಿಂದ ಇಳಿದು ನೆಲಕ್ಕೆ ಬಿದ್ದ ಹುಳಿದ ಹಣ್ಣು ತಿನ್ನಲು ಶುರು ಮಾಡಿದ್ದಕ್ಕೇ ಇರಬೇಕು ಅನ್ನುತ್ತಾರೆ.

ಪ್ರಶ್ನೆ: ಆಲ, ಅತ್ತಿ ಮರಕ್ಕೆ ಯಾವಾಗ ನೋಡಿದರೂ ಹಕ್ಕಿಗಳು. ಆ ಹಣ್ಣಿನಲ್ಲಿ ಏನಿದೆ ಅಂಥದ್ದು?

ಉತ್ತರ: ರುಚಿಗಿಂತ ದೊಡ್ಡ ವಿಷಯ ಅದು ಸಿಗುವ ಸಮಯ. ಆಲ, ಅತ್ತಿ ಸೇರಿರುವ ಫೈಕಸ್ ಕುಲದಲ್ಲಿ 750ಕ್ಕೂ ಹೆಚ್ಚು ಜಾತಿಗಳಿವೆ, ಇವುಗಳ ಹಣ್ಣು ತಿನ್ನುವ ಹಕ್ಕಿ ಮತ್ತು ಸಸ್ತನಿಗಳು 1200 ಜಾತಿಗೂ ಹೆಚ್ಚು. ಇವುಗಳ ಪರಾಗಸ್ಪರ್ಶ ಮಾಡುವುದು ಪುಟ್ಟ ಕಣಜಗಳು, ದೊಡ್ಡದಾದ ಮೇಲೆ ಬದುಕುವುದು ಒಂದೆರಡು ದಿನ. ಅಷ್ಟರಲ್ಲಿ ಅವಕ್ಕೆ ಹೂಬಿಟ್ಟ ಇನ್ನೊಂದು ಮರ ಸಿಗಲೇಬೇಕು. ಎಲ್ಲ ಮರಗಳೂ ಒಂದೇ ತಿಂಗಳಲ್ಲಿ ಹೂಬಿಟ್ಟರೆ ಕಣಜದ ವಂಶವೇ ನಿಂತುಹೋಗುತ್ತದೆ, ಕಣಜ ಹೋದರೆ ಮರಕ್ಕೆ ಬೀಜ ಇಲ್ಲ. ಅದಕ್ಕೇ ಕಾಡಿನಲ್ಲಿ ವರ್ಷವಿಡೀ ಎಲ್ಲೋ ಒಂದು ಅತ್ತಿ ಹಣ್ಣಾಗಿರುತ್ತದೆ. ಬೇರೆ ಹಣ್ಣೆಲ್ಲ ಮುಗಿದ ತಿಂಗಳುಗಳಲ್ಲಿ ಮಂಗಟ್ಟೆ, ಕುಟ್ರು, ಕೋತಿ, ಬಾವಲಿ, ಪುನುಗು ಬೆಕ್ಕುಗಳನ್ನೆಲ್ಲ ಉಳಿಸುವುದು ಇದೇ. ಒಂದು ಸಣ್ಣ ಕಣಜದ ಆಯುಷ್ಯ ಇಷ್ಟು ಜನರ ಊಟ ತೀರ್ಮಾನ ಮಾಡುತ್ತದೆ ಅನ್ನುವುದು ನನಗಂತೂ ಇವತ್ತಿಗೂ ಅಚ್ಚರಿಯೇ.

ಪ್ರಶ್ನೆ: ಬೆಣ್ಣೆಹಣ್ಣಿನ ಬೀಜ ಅಷ್ಟು ದೊಡ್ಡದು. ಅದನ್ನು ಯಾವ ಪ್ರಾಣಿ ನುಂಗುತ್ತದೆ?

ಉತ್ತರ: ನುಂಗುತ್ತಿದ್ದವು ಅನ್ನಬೇಕು. ಮಧ್ಯ ಅಮೆರಿಕದ ಕಾಡಿನಲ್ಲಿ ಇಷ್ಟು ದಪ್ಪ ಹಣ್ಣುಗಳು ಯಾರೂ ಒಯ್ಯದೆ ಬುಡದಲ್ಲೇ ಕೊಳೆಯುವುದನ್ನು ನೋಡಿ, ಜಾನ್ಜೆನ್ ಮತ್ತು ಪಾಲ್ ಮಾರ್ಟಿನ್ 1982ರಲ್ಲಿ ಒಂದು ವಿಚಾರ ಮುಂದಿಟ್ಟರು. ಆನೆಯ ನೆಂಟರಾದ ಗಾಂಫೋತೀರ್‌ಗಳು, ನೆಲದ ಮೇಲೆ ಓಡಾಡುತ್ತಿದ್ದ ಸ್ಲಾತ್ ಎಂಬ ದೈತ್ಯ ಸಸ್ತನಿಗಳು ಇದ್ದ ಕಾಲಕ್ಕೆ ಹೊಂದಿಕೊಂಡ ಹಣ್ಣುಗಳಿವು, ಅವೆಲ್ಲ ಸುಮಾರು 10 ಸಾವಿರ ವರ್ಷಗಳ ಹಿಂದೆ ಅಳಿದವು, ಹಣ್ಣು ಮಾತ್ರ ಉಳಿಯಿತು ಅಂತ. ಎಲ್ಲ ಹಣ್ಣಿಗೂ ಇದು ಒಪ್ಪುತ್ತದೆ ಅಂತ ಅಲ್ಲ. ಈಗಿನ ತೋಟದ ಬೆಣ್ಣೆಹಣ್ಣನ್ನು ಮನುಷ್ಯರೂ ಆರಿಸಿ ಆರಿಸಿ ದೊಡ್ಡದು ಮಾಡಿದ್ದಾರೆ. ಕಾಡಿನ ಸಣ್ಣ ಬೆಣ್ಣೆಹಣ್ಣುಗಳನ್ನು ನುಂಗಿ ಬೀಜ ಕಕ್ಕುವ ಕ್ವೆಟ್ಸಲ್ ಎಂಬ ಚೆಂದದ ಹಕ್ಕಿ ಈಗಲೂ ಇದೆ.

ಪ್ರಶ್ನೆ: ಹಣ್ಣು ತಿನ್ನುವ ಪ್ರಾಣಿಗಳು ಇಲ್ಲವಾದರೆ ಕಾಡೂ ಹೋಗುತ್ತದೆ ಅನ್ನುತ್ತಾರೆ. ಎಲ್ಲಾದರೂ ನಿಜವಾಗಿ ಹಾಗೆ ಆಗಿದೆಯಾ?

ಉತ್ತರ: ಕಾಡು ಹೋಗುತ್ತದೆ ಅನ್ನುವುದಕ್ಕಿಂತ, ಬೇರೆ ಕಾಡು ಆಗುತ್ತದೆ ಅನ್ನುವುದು ಸರಿ. ಅದು ನಿಧಾನವಾಗಿ ಆಗುವುದರಿಂದ ಯಾರಿಗೂ ಗೊತ್ತೇ ಆಗುವುದಿಲ್ಲ. ಮರಗಳು ನೂರಿನ್ನೂರು ವರ್ಷ ಬಾಳುತ್ತವೆ, ಹಕ್ಕಿ ಹೋದ ಮರುದಿನವೂ ಕಾಡು ಹಸಿರಾಗೇ ಇರುತ್ತದೆ.

ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪದಲ್ಲಿ ಇದು ಕಣ್ಣೆದುರೇ ನಡೆದಿದೆ. ಎರಡನೇ ಮಹಾಯುದ್ಧ ಮುಗಿದ ಸ್ವಲ್ಪ ಕಾಲಕ್ಕೆ ಸರಕಿನ ಜೊತೆ ಕಂದು ಮರಹಾವು ಅಲ್ಲಿಗೆ ಬಂತು. ಅಲ್ಲಿಯ ಹಕ್ಕಿಗಳಿಗೆ ಹಾವಿನ ಪರಿಚಯ ಇರಲಿಲ್ಲ. ಕೆಲವೇ ದಶಕಗಳಲ್ಲಿ ಕಾಡಿನ 12 ಸ್ಥಳೀಯ ಹಕ್ಕಿ ಜಾತಿಗಳಲ್ಲಿ 10 ಅಲ್ಲಿಂದ ಮಾಯ. ಹಣ್ಣಿನ ಬಾವಲಿಗಳೂ ಬೇರೆ ಕಾರಣಗಳೂ ಸೇರಿ ಬೆರಳೆಣಿಕೆಗೆ ಇಳಿದವು. ಬೀಜ ಒಯ್ಯಲು ಯಾರೂ ಇಲ್ಲ. ಪಕ್ಕದ, ಹಕ್ಕಿಗಳಿರುವ ದ್ವೀಪಗಳ ಜೊತೆ ಹೋಲಿಸಿ ನೋಡಿದ ಸಂಶೋಧಕರು, ಎರಡು ಸಾಮಾನ್ಯ ಮರಗಳಲ್ಲಿ ಹೊಸ ಸಸಿಗಳು ನೂರಕ್ಕೆ 61ರಿಂದ 92ರಷ್ಟು ಕುಸಿದಿರಬಹುದು ಎಂದು 2017ರಲ್ಲಿ ಬರೆದರು. ಬೀಜ ಬುಡದಲ್ಲೇ ಬೀಳುತ್ತದೆ, ತಿರುಳು ಕಳಚುವವರಿಲ್ಲ, ಮೇಲೆ ಹೇಳಿದ ಕಾಯಿಲೆ ಕೀಟಗಳೆಲ್ಲ ಕಾಯುತ್ತಾ ಇರುತ್ತವೆ. ಇನ್ನೊಂದು ಅಡ್ಡ ಪರಿಣಾಮ: ಹುಳ ತಿನ್ನುವ ಹಕ್ಕಿಗಳೂ ಇಲ್ಲದ್ದರಿಂದ ಜೇಡಗಳು ಮಿತಿಮೀರಿವೆ, ಕಾಡಿನಲ್ಲಿ ನಡೆಯುವವರು ಕೋಲು ಹಿಡಿದು ಬಲೆ ಬಿಡಿಸಿಕೊಂಡೇ ಹೋಗಬೇಕು.

ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನಲ್ಲಿ ಇನ್ನೂ ವಿಚಿತ್ರ. ಅಲ್ಲೊಂದು ತಾಳೆ ಜಾತಿಯ ಮರ ಇದೆ. ದೊಡ್ಡ ಬೀಜ ಟೂಕನ್‌ನಂಥ ಅಗಲ ಬಾಯಿಯ ಹಕ್ಕಿಗೆ ಮಾತ್ರ ಹಿಡಿಸುತ್ತದೆ, ಸಣ್ಣ ಬೀಜವನ್ನು ಚಿಕ್ಕ ಹಕ್ಕಿಗಳೂ ನುಂಗುತ್ತವೆ. ಕಾಡು ತುಂಡು ತುಂಡಾಗಿ, ಬೇಟೆಯೂ ಸೇರಿ, ಎಷ್ಟೋ ಕಡೆ ದೊಡ್ಡ ಹಕ್ಕಿಗಳು ಹೋದವು. ಅಂಥ ಜಾಗಗಳಲ್ಲಿ ಈಗ ಆ ಮರದ ಬೀಜಗಳೇ ಚಿಕ್ಕದಾಗಿವೆ, ಯಾಕಂದರೆ ದೊಡ್ಡ ಬೀಜಗಳನ್ನು ಯಾರೂ ಒಯ್ಯಲಿಲ್ಲ, ಅವುಗಳ ಸಂತಾನ ಮುಂದುವರಿಯಲಿಲ್ಲ. 2013ರಲ್ಲಿ ಇದು ಪ್ರಕಟವಾಯಿತು. ನೂರು ವರ್ಷಕ್ಕೂ ಕಡಿಮೆ ಸಮಯದಲ್ಲಿ ಆದ ಬದಲಾವಣೆ ಇದು. ಸಣ್ಣ ಬೀಜ ಬೇಗ ಒಣಗುತ್ತದೆ, ಮಳೆ ಕೈಕೊಟ್ಟರೆ ಸಾಯುತ್ತದೆ, ಹಾಗಾಗಿ ಇದು ಸುಮ್ಮನೆ ಗಾತ್ರದ ಮಾತಲ್ಲ.

ಇಂಗಾಲದ ಲೆಕ್ಕವೂ ಇದೆ. ಉಷ್ಣವಲಯದ ಕಾಡಿನಲ್ಲಿ ದಪ್ಪ ಬೀಜದ ಮರಗಳು ಹಲವು ಸಲ ಗಟ್ಟಿ ದಿಮ್ಮಿಯ ಎತ್ತರದ ಮರಗಳು. ಅವುಗಳ ಬೀಜ ನುಂಗುವ ಆನೆ, ದೊಡ್ಡ ಕೋತಿ, ಮಂಗಟ್ಟೆ, ಹಂದಿಯಂತೆ ಕಾಣುವ ಟೇಪಿರ್ ಇವೇ ಬೇಟೆಗೆ ಮೊದಲು ಬಲಿ. ಅವು ಹೋದ ಮೇಲೆ ಮೆಲ್ಲಗೆ ಮೆದು ದಿಮ್ಮಿಯ, ಸಣ್ಣ ಬೀಜದ ಮರಗಳು ಹೆಚ್ಚುತ್ತವೆ, ಅಷ್ಟೇ ಜಾಗದಲ್ಲಿ ಹಿಡಿದಿಡುವ ಇಂಗಾಲ ಕಡಿಮೆ ಆಗುತ್ತದೆ. ಒಂದು ಮರವನ್ನೂ ಕಡಿಯದೆ.

ಪ್ರಶ್ನೆ: ಲಂಟಾನದಂಥ ಕಳೆ ಹರಡುವುದೂ ಹಕ್ಕಿಗಳೇ ಅಲ್ವಾ? ಇದಕ್ಕೇನು ಹೇಳುತ್ತೀರಿ?

ಉತ್ತರ: ಹೌದು, ಅವೇ. ಹಕ್ಕಿಗೆ ಹಣ್ಣು ಎಲ್ಲಿಯದು, ಯಾರ ದೇಶದ್ದು ಅನ್ನುವುದು ಬೇಕಿಲ್ಲ, ಹತ್ತಿರ ಇದ್ದು ಮಾಗಿದ್ದರೆ ಸಾಕು. ಲಂಟಾನ ಅಮೆರಿಕ ಖಂಡದ ಗಿಡ, ಅಲಂಕಾರಕ್ಕೆ ಅಂತ ಮನುಷ್ಯರೇ ಬೇರೆ ಖಂಡಗಳಿಗೆ ಒಯ್ದರು. ಆಮೇಲಿನ ಕೆಲಸವನ್ನು ಪಿಕಳಾರದಂಥ ಹಕ್ಕಿಗಳು ಮಾಡಿದವು. ತಾಹಿತಿ ದ್ವೀಪಕ್ಕೆ 1937ರಲ್ಲಿ ಮೈಕೋನಿಯಾ ಎಂಬ ಚೆಂದದ ಎಲೆಯ ಗಿಡ ತಂದರು, ಪಿಕಳಾರವೂ ಅಲ್ಲಿಗೆ ಹೊರಗಿನಿಂದಲೇ ಬಂದದ್ದು. ಇಬ್ಬರೂ ಸೇರಿಕೊಂಡ ಮೇಲೆ ಕೇಳಬೇಕೇ, ಈಗ ದ್ವೀಪದ ಮೂರನೇ ಎರಡರಷ್ಟು ಭಾಗದಲ್ಲಿ ಮೈಕೋನಿಯಾ. ಆದರೆ ಹವಾಯಿಯ ಓಹು ದ್ವೀಪ ನೋಡಿ, ಅಲ್ಲಿ ಹಣ್ಣು ತಿನ್ನುವ ಸ್ಥಳೀಯ ಹಕ್ಕಿಗಳು ಪೂರ್ತಿ ಹೋಗಿವೆ, ಉಳಿದ ಸ್ಥಳೀಯ ಗಿಡಗಳಿಗೆ ಅಷ್ಟೋ ಇಷ್ಟೋ ಬೀಜ ಸಾಗಿಸುವವರು ಈಗ ಹೊರಗಿನಿಂದ ಬಂದ ಈ ಪಿಕಳಾರ, ಬಿಳಿಗಣ್ಣ ಹಕ್ಕಿಗಳೇ. ಅವೇ ಕಳೆಯನ್ನೂ ಹರಡುತ್ತವೆ. ಅವನ್ನು ಓಡಿಸಿದರೂ ಕಷ್ಟ, ಬಿಟ್ಟರೂ ಕಷ್ಟ.

ನಿಮ್ಮ ಕೈಲಾಗುವುದು ಅಂದರೆ, ಕಳೆ ಕಡಿಯುವುದಿದ್ದರೆ ಹೂವಿನ ಹಂತದಲ್ಲೇ ಕಡಿಯಿರಿ, ಕಾಯಿ ಬಣ್ಣ ತಿರುಗುವ ತನಕ ಕಾಯಬೇಡಿ. ಹಣ್ಣಾದ ಮೇಲೆ ಕಡಿದರೆ ಬೀಜದ ಒಂದು ಪಾಲು ಆಗಲೇ ಹಕ್ಕಿಯ ಹೊಟ್ಟೆ ಸೇರಿರುತ್ತದೆ. ಕಡಿದ ಜಾಗವನ್ನು ಖಾಲಿ ಬಿಟ್ಟರೂ ಪ್ರಯೋಜನ ಇಲ್ಲ, ಅಲ್ಲೇ ಬೆಳೆಯುವ, ಹಕ್ಕಿ ತಿನ್ನುವ ಹಣ್ಣಿನ ಸ್ಥಳೀಯ ಗಿಡಗಳನ್ನು ಅದೇ ಮಳೆಗಾಲದಲ್ಲಿ ಹಾಕಿ.